ಗಾಡಿ ಎಣಿಸಲು ಲಕ್ಷಗಟ್ಟಲೆ ಯಾಕೆ? ಶಿವಮೊಗ್ಗದ ಸಂಚಾರ ಅಧ್ಯಯನದ ಲೆಕ್ಕಾಚಾರ

ಶಿವಮೊಗ್ಗದಲ್ಲಿ ಟ್ರಾಫಿಕ್ ಸುದ್ದಿಗೆ ಬರ ಅನ್ನುವುದೇ ಇಲ್ಲ. ಒಂದು ರಸ್ತೆ ಒನ್ ವೇ ಆಯಿತು ಅಂತ ಓದುವಷ್ಟರಲ್ಲಿ, ಅದನ್ನು ಕೈಬಿಡಿ ಅಂತ ಅಂಗಡಿಯವರು ಮನವಿ ಕೊಟ್ಟ ಸುದ್ದಿ ಬರುತ್ತದೆ. ಒಂದು ಕಡೆ ನೋ ಪಾರ್ಕಿಂಗ್ ಬೋರ್ಡ್ ನೆಟ್ಟರೆ ಪಕ್ಕದ ರಸ್ತೆಯಲ್ಲಿ ಬೈಕುಗಳ ಸಾಲು ಎರಡಾಗುತ್ತದೆ. ಇದರ ನಡುವೆ ಆಗಾಗ ಒಂದು ಮಾತು ತೇಲಿ ಬರುತ್ತದೆ: ತುಂಡು ತುಂಡಾಗಿ ಮಾಡಿದ್ದು ಸಾಕು, ಇಡೀ ನಗರದ ಸಂಚಾರ ಅಧ್ಯಯನ ಮಾಡಿಸೋಣ.

ಓದುಗರಿಗೆ ಗೊಂದಲ ಶುರುವಾಗುವುದು ಇಲ್ಲೇ. ಸಂಜೆ ಆರಕ್ಕೆ ಗೋಪಿ ವೃತ್ತದಲ್ಲಿ ಹತ್ತು ನಿಮಿಷ ನಿಂತರೆ ಸಮಸ್ಯೆ ಏನು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅದನ್ನು ಹೇಳೋಕೆ ಕನ್ಸಲ್ಟೆಂಟ್ ಬೇಕಾ? ಆ ದುಡ್ಡಲ್ಲಿ ನಾಲ್ಕು ಸಿಗ್ನಲ್ ಹಾಕಬಹುದು, ಅಲ್ವಾ? ಮೇಲಾಗಿ ಊರಿನ ರಸ್ತೆ ಕೆಲಸಗಳಿಗೆ ದುಡ್ಡು ತಂದಿದ್ದ ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಹಾಗಾದರೆ ದುಡ್ಡು ಯಾರ ಜೇಬಿನಿಂದ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ವೃತ್ತದಲ್ಲಿ ನಿಂತವರಿಗೆ ಎಷ್ಟು ಗಾಡಿ ಇವೆ ಅನ್ನುವುದು ಕಾಣುತ್ತದೆ. ಅವು ಎಲ್ಲಿಂದ ಬಂದವು, ಎಲ್ಲಿಗೆ ಹೊರಟವು, ಆ ವೃತ್ತಕ್ಕೆ ಬರಲೇಬೇಕಿತ್ತಾ ಅನ್ನುವುದು ಕಾಣುವುದಿಲ್ಲ. ಮದ್ದು ಇರುವುದು ಕಾಣದ ಆ ಭಾಗದಲ್ಲಿ. ದುಡ್ಡಿನ ಪ್ರಶ್ನೆ ಮಾತ್ರ ಅಷ್ಟು ಸಲೀಸಲ್ಲ. ಯಾಕೆಂದರೆ ಯಾರು ದುಡ್ಡು ಕೊಡುತ್ತಾರೋ ಅವರ ಕಣ್ಣಿನಿಂದಲೇ ಅಧ್ಯಯನ ಊರನ್ನು ನೋಡುತ್ತದೆ.

ಒಂದು ಹೊಳೆ, ಒಂದು ಹಳಿ

2011ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 3,22,650. ಆದರೆ ಹಗಲು ಹೊತ್ತಿನ ಶಿವಮೊಗ್ಗ ಇದಕ್ಕಿಂತ ದೊಡ್ಡದು. ಮೆಗ್ಗಾನ್ ಆಸ್ಪತ್ರೆಗೆ ಅಕ್ಕಪಕ್ಕದ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಸಾಗರ ರಸ್ತೆಯ ಎಪಿಎಂಸಿಗೆ ಅಡಿಕೆ ಬರುತ್ತದೆ. ಭದ್ರಾವತಿ, ಹೊನ್ನಾಳಿ, ತೀರ್ಥಹಳ್ಳಿ ಕಡೆಯಿಂದ ಕಾಲೇಜಿನ ಮಕ್ಕಳು, ಕಚೇರಿ ಕೆಲಸದವರು, ಮದುವೆ ಜವಳಿ ಕೊಳ್ಳುವವರು ಬರುತ್ತಾರೆ. ಇವರೆಲ್ಲ ಸಂಜೆ ವಾಪಸ್ ಹೋಗುತ್ತಾರೆ. ಜನಗಣತಿಯಲ್ಲಿ ಇವರು ಶಿವಮೊಗ್ಗದವರಲ್ಲ, ಆದರೆ ರಸ್ತೆಯಲ್ಲಿ ಹೌದು.

ತುಮಕೂರು–ಹೊನ್ನಾವರ ಹೆದ್ದಾರಿ ಊರೊಳಗೆ ಬಿ.ಎಚ್. ರಸ್ತೆ ಅನ್ನುವ ಹೆಸರಲ್ಲಿ ಹಾದುಹೋಗುತ್ತದೆ. ಅಮೀರ್ ಅಹ್ಮದ್ ವೃತ್ತದಲ್ಲಿ ನೆಹರೂ ರಸ್ತೆ ಅದಕ್ಕೆ ಸೇರುತ್ತದೆ. ಗಾಂಧಿ ಬಜಾರ್ ಅಲ್ಲೇ ಹತ್ತಿರ. ಇನ್ನೂ ಸ್ವಲ್ಪ ಮುಂದೆ ಸರ್ಕಾರಿ ಮತ್ತು ಖಾಸಗಿ ಬಸ್ ನಿಲ್ದಾಣಗಳು ಒಂದಕ್ಕೊಂದು ಅಂಟಿಕೊಂಡಿವೆ. ದೂರದ ಪ್ರಯಾಣ, ಪೇಟೆ ವ್ಯಾಪಾರ, ಬಸ್ ಹಿಡಿಯುವ ಗಡಿಬಿಡಿ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತಿವೆ.

ಇದರ ಜೊತೆಗೆ ಊರನ್ನು ಸೀಳುವ ಎರಡು ಗೆರೆಗಳಿವೆ. ಒಂದು ತುಂಗೆ. ಇನ್ನೊಂದು ಬೀರೂರು–ತಾಳಗುಪ್ಪ ರೈಲು ಹಳಿ. ಇವೆರಡನ್ನೂ ಎಲ್ಲೆಂದರಲ್ಲಿ ದಾಟಲು ಆಗುವುದಿಲ್ಲ. ಸೇತುವೆ ಇದ್ದ ಕಡೆ, ಗೇಟ್ ಇದ್ದ ಕಡೆ ಮಾತ್ರ ದಾಟಬೇಕು. ಹಾಗಾಗಿ ಹತ್ತು ಬಡಾವಣೆಗಳ ಗಾಡಿಗಳು ಕೆಲವೇ ಬಾಯಿಗಳಿಗೆ ಬಂದು ಸೇರುತ್ತವೆ.

ಸವಳಂಗ ರಸ್ತೆ, ಕಾಶೀಪುರ, ವಿದ್ಯಾನಗರದ ಹೊಳೆಹೊನ್ನೂರು ರಸ್ತೆಗಳಲ್ಲಿ ಈಗ ರೈಲ್ವೆ ಮೇಲ್ಸೇತುವೆಗಳಾಗಿವೆ. ಗೇಟ್ ಮುಂದೆ ಕಾಯುವುದು ತಪ್ಪಿದ್ದು ದೊಡ್ಡ ಅನುಕೂಲವೇ. ಆದರೆ ಗೇಟ್ ಒಂದು ರೀತಿ ನಲ್ಲಿಯ ಹಾಗೆ ಕೆಲಸ ಮಾಡುತ್ತಿತ್ತು. ಗಾಡಿಗಳನ್ನು ತಡೆದು, ಕಂತಿನಲ್ಲಿ ಬಿಡುತ್ತಿತ್ತು. ಈಗ ಅವು ತಡೆಯಿಲ್ಲದೆ ಮುಂದಿನ ವೃತ್ತಕ್ಕೆ ಬರುತ್ತವೆ. ಆ ವೃತ್ತದ ಅಗಲ ಮಾತ್ರ ಮೊದಲಿನಷ್ಟೇ. ಒಂದು ಕಡೆ ಗಂಟು ಬಿಚ್ಚಿದರೆ ಇನ್ನೊಂದು ಕಡೆ ಬಿಗಿಯುವುದು ಹೀಗೆ. ಊರನ್ನು ಇಡಿಯಾಗಿ ನೋಡಬೇಕು ಅನ್ನುವ ವಾದದ ತಿರುಳು ಇದೇ.

ತಮಾಷೆಯೆಂದರೆ ಜನರಿಗೆ ತೊಂದರೆ ಕೊಡುವ ಈ ಹೊಳೆ ಮತ್ತು ಹಳಿ ಎಣಿಸುವವರಿಗೆ ವರ. ಅವರ ಭಾಷೆಯಲ್ಲಿ ಇವು ಸ್ಕ್ರೀನ್ ಲೈನ್. ದಾಟುವ ಬಾಯಿಗಳು ಕೆಲವೇ ಇರುವುದರಿಂದ ಅಲ್ಲೆಲ್ಲ ಕ್ಯಾಮರಾ ಇಟ್ಟರೆ ಊರಿನ ಒಂದು ಪಾಲಿನಿಂದ ಇನ್ನೊಂದಕ್ಕೆ ಹೋಗುವ ಎಲ್ಲ ಗಾಡಿಗಳ ಲೆಕ್ಕ ಸಿಗುತ್ತದೆ. ಅಧ್ಯಯನದ ಭಾಗವಾಗಿ ಮಾಡುವ ಮನೆ ಮನೆ ಸರ್ವೆಯಲ್ಲಿ ಜನ ತಮ್ಮ ಓಡಾಟದ ಬಗ್ಗೆ ಹೇಳಿದ್ದು ಸರಿಯಾ ಅಂತ ತಾಳೆ ನೋಡಲು ಈ ಲೆಕ್ಕ ಬೇಕಾಗುತ್ತದೆ.

ಒನ್ ವೇ ಯಾಕೆ ಒಮ್ಮೆ ಫಲಿಸುತ್ತದೆ, ಒಮ್ಮೆ ಇಲ್ಲ?

ನಗರದ ರಸ್ತೆಗಳ ಸಾಮರ್ಥ್ಯಕ್ಕೆ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಒಂದು ಮಾರ್ಗಸೂಚಿ ಕೊಟ್ಟಿದೆ. ಐಆರ್‌ಸಿ 106 ಅಂತ ಅದರ ಹೆಸರು. ಅದರಲ್ಲಿ ಎಲ್ಲ ಗಾಡಿಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸಿ ಅಳೆಯುತ್ತಾರೆ. ಈ ಅಳತೆಗೆ ಪಿಸಿಯು ಅನ್ನುತ್ತಾರೆ. ಒಂದು ಕಾರು ಅಂದರೆ ಒಂದು ಪಿಸಿಯು.

ಎರಡು ಲೇನಿನ ರಸ್ತೆ ತಗೊಳ್ಳಿ. ಅಕ್ಕಪಕ್ಕ ಅಂಗಡಿ, ಅಂಚಿನಲ್ಲಿ ನಿಂತ ಬೈಕು–ಕಾರು, ಅಡ್ಡ ದಾಟುವ ಜನ, ಎರಡೂ ಕಡೆಯಿಂದ ಸಂಚಾರ. ಅಂಥ ರಸ್ತೆ ಗಂಟೆಗೆ 900 ಪಿಸಿಯು ಸಾಗಿಸಬಹುದು ಅನ್ನುತ್ತದೆ ಮಾರ್ಗಸೂಚಿ. ಅದನ್ನೇ ಒನ್ ವೇ ಮಾಡಿದರೆ 1,400. ಇನ್ನು ಎರಡೂ ಕಡೆ ಸಂಚಾರ ಹಾಗೇ ಇಟ್ಟು, ಅಂಚಿನ ಪಾರ್ಕಿಂಗ್ ತೆಗೆದು, ವೃತ್ತಗಳನ್ನು ಸರಿಮಾಡಿದರೆ 1,200. ಒಂದು ಗೋಡೆಯನ್ನೂ ಒಡೆಯದೆ ಮೂರನೇ ಒಂದು ಪಾಲು ಜಾಸ್ತಿ.

900ರಿಂದ 1,400 ಅಂದಾಗ ಒನ್ ವೇ ಒಳ್ಳೆಯ ವ್ಯವಹಾರವೇ. ಆದರೆ ಒಂದು ಷರತ್ತು ಇದೆ. ತಿರುಗಿಸಿದ ಗಾಡಿಗಳಿಗೆ ಹತ್ತಿರದಲ್ಲೇ, ಅಷ್ಟೇ ಅಗಲದ ಜೋಡಿ ರಸ್ತೆ ಬೇಕು. ದುರ್ಗಿಗುಡಿ ಸುತ್ತಿನ ಹಳೇ ಪೇಟೆಯಲ್ಲಿ ಅಂಥ ಜೋಡಿ ಎಲ್ಲ ಕಡೆ ಸಿಗುವುದಿಲ್ಲ. ಜೋಡಿ ಸಿಗದಿದ್ದರೆ ವಾಪಸ್ ಬರುವ ಗಾಡಿಗಳು ಅಡ್ಡರಸ್ತೆಗಳಿಗೆ ನುಗ್ಗುತ್ತವೆ. ಮುನ್ನೂರು ಮೀಟರ್ ದಾರಿ ಎಂಟುನೂರು ಮೀಟರ್ ಆಯಿತು ಅಂದುಕೊಳ್ಳಿ. ಅದೇ ಗಾಡಿ ಈಗ ಎರಡು ವೃತ್ತಗಳ ಬದಲು ನಾಲ್ಕು ವೃತ್ತಗಳಲ್ಲಿ ಎಣಿಕೆಗೆ ಸಿಗುತ್ತದೆ. ಗಾಡಿ ಒಂದೂ ಹೆಚ್ಚಾಗಲಿಲ್ಲ, ಟ್ರಾಫಿಕ್ ಮಾತ್ರ ಹೆಚ್ಚಾಯಿತು.

ಅಂಗಡಿಯವರ ವಿರೋಧವನ್ನು ಸುಮ್ನೆ ಸ್ವಾರ್ಥ ಅಂತ ತಳ್ಳಿಹಾಕುವುದು ಸರಿಯಲ್ಲ. ಎದುರು ದಿಕ್ಕಿನಿಂದ ಬರುತ್ತಿದ್ದ ಗಿರಾಕಿಗಳು ಅವರಿಗೆ ನಿಜವಾಗಿಯೂ ತಪ್ಪಬಹುದು. ಒನ್ ವೇ ರಸ್ತೆಯಲ್ಲಿ ವೇಗ ಜಾಸ್ತಿಯಾಗಿ, ದಾಟುವ ವಯಸ್ಸಾದವರಿಗೆ ಕಷ್ಟವೂ ಆಗುತ್ತದೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಪೇಟೆ ರಸ್ತೆಗಳ ಅಂಚಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ನಿಂತ ಗಾಡಿಗಳು ಯಾರವು? ಗಿರಾಕಿಗಳವಾ, ಅಂಗಡಿಯವರವೇ ಆದವಾ? ಪಾರ್ಕಿಂಗ್ ಸರ್ವೆಯಲ್ಲಿ ಪ್ರತಿ ಅರ್ಧ ಗಂಟೆಗೊಮ್ಮೆ ನಂಬರ್ ಪ್ಲೇಟ್ ಬರೆದುಕೊಳ್ಳುತ್ತಾರೆ. ಯಾವ ಗಾಡಿ ಇಪ್ಪತ್ತು ನಿಮಿಷ ನಿಂತಿತು, ಯಾವುದು ಎಂಟು ಗಂಟೆ ನಿಂತಿತು ಅಂತ ಅದರಿಂದ ಗೊತ್ತಾಗುತ್ತದೆ. ಈ ಒಂದು ಪಟ್ಟಿ ಇದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಗಾಡಿ ಎಣಿಸಬೇಕಾ, ಜನರನ್ನಾ?

ಅಧ್ಯಯನದ ಉತ್ತರ ಅರ್ಧಕ್ಕರ್ಧ ತೀರ್ಮಾನವಾಗುವುದು ಈ ಪ್ರಶ್ನೆಯಲ್ಲಿ.

ಅದೇ ಮಾರ್ಗಸೂಚಿಯಲ್ಲಿ, ಒಂದು ಬಗೆಯ ಗಾಡಿ ಒಟ್ಟು ಸಂಚಾರದ ಶೇ. 10 ಅಥವಾ ಹೆಚ್ಚು ಇದ್ದಾಗ, ಬೈಕಿಗೆ 0.75 ಪಿಸಿಯು. ಬಸ್ಸಿಗೆ 3.7. ಆಟೋಗೆ 2. ಅಂದರೆ ಆಟೋ ಕಾರಿಗಿಂತ ದುಪ್ಪಟ್ಟು. ಚಿಕ್ಕ ಗಾಡಿಗೆ ಇಷ್ಟು ಯಾಕೆ ಅನಿಸಬಹುದು. ಗಾಡಿ ಎಷ್ಟು ಜಾಗ ತಿನ್ನುತ್ತದೆ ಅನ್ನುವುದರ ಜೊತೆಗೆ ರಸ್ತೆಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನೂ ಈ ಅಂಕಿ ಹಿಡಿಯುತ್ತದೆ. ಆಟೋ ನಿಲ್ಲುತ್ತದೆ, ತಿರುಗುತ್ತದೆ, ಮತ್ತೆ ಹೊರಡುತ್ತದೆ. ಈ ಪಟ್ಟಿಯಲ್ಲಿ ಟಾಂಗಾಗಾಡಿಗೂ ಒಂದು ಅಂಕಿ ಇದೆ. ನಡೆದುಹೋಗುವ ಮನುಷ್ಯನಿಗೆ ಇಲ್ಲ.

ಬರೀ ಗಾಡಿ ಎಣಿಸಿದರೆ ಬಸ್ ದೊಡ್ಡ ಅಡ್ಡಿಯಾಗಿ ಕಾಣುತ್ತದೆ. 3.7 ಅಂದರೆ ಸುಮಾರು ನಾಲ್ಕು ಕಾರಿನ ಜಾಗ. ಆದರೆ ಅದರೊಳಗೆ ಐವತ್ತು ಜನ ಇದ್ದಾರೆ ಅಂದುಕೊಳ್ಳಿ. ಅದೇ ಐವತ್ತು ಜನ ಒಬ್ಬೊಬ್ಬರೇ ಬೈಕಿನಲ್ಲಿ ಬಂದರೆ 37.5 ಪಿಸಿಯು ಆಗುತ್ತದೆ. ಹತ್ತು ಪಟ್ಟು! ಗಾಡಿ ಎಣಿಸಿದ ಅಧ್ಯಯನ ಬಸ್ ನಿಲ್ದಾಣವನ್ನು ಊರಾಚೆ ಕಳಿಸಿ ಅನ್ನಬಹುದು. ಜನರನ್ನು ಎಣಿಸಿದ ಅಧ್ಯಯನ ಬಸ್ಸಿಗೆ ದಾರಿ ಬಿಡಿ ಅನ್ನುತ್ತದೆ. ಊರು ಒಂದೇ, ದಿನವೂ ಒಂದೇ.

ಕೇಂದ್ರದ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಜನರನ್ನು ಸಾಗಿಸುವುದು ಮುಖ್ಯ, ಗಾಡಿಗಳನ್ನಲ್ಲ ಎಂದಿತ್ತು. ಕಾಗದದಲ್ಲಿ ಎಲ್ಲರೂ ಒಪ್ಪಿದ್ದಾರೆ. ಎಣಿಕೆಯ ನಮೂನೆಯಲ್ಲಿ ಮಾತ್ರ ನಡೆಯುವವರ ಕಾಲಂ ಕೊನೆಯಲ್ಲಿರುತ್ತದೆ.

ಮಲೆನಾಡಿಗೆ ಇನ್ನೊಂದು ತೊಡಕಿದೆ. ಇಲ್ಲಿ ಖಾಸಗಿ ಬಸ್ಸುಗಳದ್ದು ದೊಡ್ಡ ಪಾಲು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಮೇಲೆ ಯಾರು ಯಾವ ಬಸ್ ಹತ್ತುತ್ತಾರೆ ಅನ್ನುವ ಲೆಕ್ಕವೇ ಬದಲಾಗಿದೆ. ಅದಕ್ಕೂ ಹಿಂದಿನ ಬಸ್ ಅಂಕಿಗಳನ್ನು ಇಟ್ಟುಕೊಂಡು ಇವತ್ತಿನ ಯೋಜನೆ ಮಾಡಿದರೆ ಅದು ನಿಲ್ಲುವುದಿಲ್ಲ. 2023ರಲ್ಲೇ ಸೋಗಾನೆಯ ವಿಮಾನ ನಿಲ್ದಾಣವೂ ಬಂತು, ಅದರ ಓಡಾಟವೂ ಹಳೇ ಅಂಕಿಗಳಲ್ಲಿಲ್ಲ.

ಯಾವ ತಿಂಗಳು?

ಚಿಕ್ಕ ವಿಷಯ ಅನಿಸುತ್ತದೆ, ಆದರೆ ಅಲ್ಲ. ಜುಲೈಯಲ್ಲಿ ಎಣಿಸಿದರೆ ಮಳೆಗೆ ಬೈಕು ಬಿಟ್ಟವರು ಬಸ್ಸಿನಲ್ಲಿರುತ್ತಾರೆ, ವಾರಾಂತ್ಯಕ್ಕೆ ಜೋಗದ ಕಾರುಗಳು ಸೇರುತ್ತವೆ. ಏಪ್ರಿಲ್–ಮೇಯಲ್ಲಿ ಶಾಲೆಗೆ ರಜೆ, ಮದುವೆ ಜೋರು. ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬಾ ಜಾತ್ರೆಯ ವಾರದಲ್ಲಿ ಎಣಿಸಿದರೆ ಏನು ಸಿಗುತ್ತದೆ ಅಂತ ಹೇಳಬೇಕಾಗಿಲ್ಲ. ಟೆಂಡರ್ ಯಾವಾಗ ಮುಗಿಯಿತೋ ಆಗ ಸರ್ವೆ ಅಂತಾದರೆ, ಸಿಗುವುದು ಆ ತಿಂಗಳ ಚಿತ್ರ ಮಾತ್ರ. ಮಳೆಗಾಲದಲ್ಲಿ ಒಮ್ಮೆ, ಬೇಸಾಯದ ಗಡಿಬಿಡಿ ಮುಗಿದು ಶಾಲೆಗಳು ನಡೆಯುವಾಗ ಒಮ್ಮೆ, ಹೀಗೆ ಎರಡು ಸಲ ಎಣಿಸುವುದೇ ಮಲೆನಾಡಿನ ಊರಿಗೆ ಸರಿ. ಖರ್ಚು ಸ್ವಲ್ಪ ಜಾಸ್ತಿ.

ದುಡ್ಡು ಯಾರದೋ ಉತ್ತರವೂ ಅವರದ್ದೇ

ಶಿವಮೊಗ್ಗದಲ್ಲಿ ಟ್ರಾಫಿಕ್ ಯಾರದ್ದು ಅಂತ ಕೇಳಿದರೆ ಒಬ್ಬರು ಸಿಗುವುದಿಲ್ಲ. ಬಡಾವಣೆಯ ರಸ್ತೆ, ಫುಟ್‌ಪಾತ್, ಪಾರ್ಕಿಂಗ್ ಮಹಾನಗರ ಪಾಲಿಕೆಯದ್ದು. ಹೆದ್ದಾರಿ ಹೆದ್ದಾರಿಯವರದ್ದು, ಇನ್ನು ಕೆಲವು ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹೊಸ ಲೇಔಟ್‌ಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ಗಾಡಿ ನಿಯಂತ್ರಿಸುವುದು ಪೊಲೀಸರು. ಆದರೆ ಬೆಂಗಳೂರು, ಮೈಸೂರಿನಂತೆ ಇಲ್ಲಿ ಪೊಲೀಸ್ ಕಮಿಷನರ್ ಇಲ್ಲ. ಹಾಗಾಗಿ ಒನ್ ವೇ, ನೋ ಪಾರ್ಕಿಂಗ್ ಆದೇಶ ಹೊರಡಿಸುವುದು ಜಿಲ್ಲಾಧಿಕಾರಿ. 1988ರ ಮೋಟಾರು ವಾಹನ ಕಾಯ್ದೆಯ 115, 116, 117ನೇ ಕಲಂಗಳು ಆ ಆದೇಶಕ್ಕೆ ಆಧಾರ. ಬಸ್ ಪರ್ಮಿಟ್ ಸಾರಿಗೆ ಪ್ರಾಧಿಕಾರದ ಕೈಲಿ. ಹಳಿ ರೈಲ್ವೆಯದ್ದು.

ಇವರಲ್ಲಿ ಒಬ್ಬರೇ ಅಧ್ಯಯನ ಮಾಡಿಸಿದರೆ ಏನಾಗುತ್ತದೆ? ಪೊಲೀಸರು ಮಾಡಿಸಿದರೆ ಸಿಗ್ನಲ್, ಒನ್ ವೇ, ಬ್ಯಾರಿಕೇಡ್ ಬರುತ್ತದೆ. ಅವರ ಕೈಯಲ್ಲಿರುವುದು ಅಷ್ಟೇ. ಎಂಜಿನಿಯರಿಂಗ್ ಇಲಾಖೆ ಮಾಡಿಸಿದರೆ ರಸ್ತೆ ಅಗಲೀಕರಣ, ಫ್ಲೈಓವರ್. ನಗರಾಭಿವೃದ್ಧಿ ಪ್ರಾಧಿಕಾರ ಮಾಡಿಸಿದರೆ ವರ್ತುಲ ರಸ್ತೆ. ಯಾರದ್ದೂ ಮೋಸ ಅಂತಲ್ಲ. ಕೊಡಲಿ ಇದ್ದವನಿಗೆ ಕಾಣುವುದು ಮರ.

ವರ್ತುಲ ರಸ್ತೆಯದ್ದೇ ಉದಾಹರಣೆ ನೋಡಿ. ಊರೊಳಗೆ ಬರುವ ನೂರು ಗಾಡಿಗಳಲ್ಲಿ ನಲವತ್ತು ಬರೀ ಹಾದುಹೋಗುವವಾದರೆ ವರ್ತುಲ ರಸ್ತೆ ಬಿ.ಎಚ್. ರಸ್ತೆಯ ಭಾರ ಇಳಿಸುತ್ತದೆ. ಹತ್ತೇ ಆದರೆ, ಉಳಿದ ತೊಂಬತ್ತು ಮೆಗ್ಗಾನ್‌ಗೋ ಗಾಂಧಿ ಬಜಾರ್‌ಗೋ ಬಂದೇ ಬರುತ್ತವೆ. ಎಷ್ಟು ಕೋಟಿ ಸುರಿದರೂ ಪೇಟೆಯಲ್ಲಿ ಉಸಿರುಗಟ್ಟುವುದು ತಪ್ಪುವುದಿಲ್ಲ. ನಲವತ್ತಾ, ಹತ್ತಾ? ಊರಿನ ಹೊರಬಾಯಿಗಳಲ್ಲಿ ಗಾಡಿ ನಿಲ್ಲಿಸಿ, ಎಲ್ಲಿಂದ ಎಲ್ಲಿಗೆ ಅಂತ ಕೇಳಿದರೆ ಮಾತ್ರ ಗೊತ್ತಾಗುವ ಸಂಗತಿ ಇದು. ರಸ್ತೆ ಕಟ್ಟುವ ಮೊದಲು ಕೇಳಬೇಕು. ಆಮೇಲೆ ಕೇಳಿದರೆ ಅದು ಸಮಾಧಾನಕ್ಕೆ ಮಾಡುವ ಸರ್ವೆ. 2017ರ ಮೆಟ್ರೋ ನೀತಿ ಬಂದ ಮೇಲೆ ದೊಡ್ಡ ನಗರಗಳು ಮೆಟ್ರೋ ಕೇಳಬೇಕಾದರೆ ಇಂಥ ಅಧ್ಯಯನ ಆಧರಿಸಿದ ಸಮಗ್ರ ಸಂಚಾರ ಯೋಜನೆ ಕಡ್ಡಾಯ. ಕಡ್ಡಾಯವಾದದ್ದು ಶಾಸ್ತ್ರವಾಗಿಬಿಡುವ ಅಪಾಯವೂ ಜೊತೆಗೇ ಇದೆ.

ಜೇಬುಗಳನ್ನು ತಡಕಿದರೆ

ಇಂಥ ಅಧ್ಯಯನದ ಖರ್ಚು ಫ್ಲೈಓವರ್ ಮುಂದೆ ಚಿಲ್ಲರೆ. ಅಧ್ಯಯನ ಲಕ್ಷಗಳ ಮಾತು, ಫ್ಲೈಓವರ್ ಕೋಟಿಗಳದ್ದು. ಆದರೂ ದುಡ್ಡು ಹೊಂದಿಸುವುದು ಕಷ್ಟ. ಫ್ಲೈಓವರ್‌ಗೆ ಶಂಕುಸ್ಥಾಪನೆ ಇರುತ್ತದೆ, ವರದಿಗೆ ಇರುವುದಿಲ್ಲ!

ಸ್ಮಾರ್ಟ್ ಸಿಟಿಗೆ ಶಿವಮೊಗ್ಗ ಆಯ್ಕೆಯಾದದ್ದು 2016ರಲ್ಲಿ. ಕೇಂದ್ರದಿಂದ ಸುಮಾರು 500 ಕೋಟಿ, ರಾಜ್ಯದಿಂದ ಅಷ್ಟೇ ಅನ್ನುವುದು ಪ್ರತಿ ನಗರಕ್ಕೂ ಇದ್ದ ಸೂತ್ರ. ರಸ್ತೆ, ಫುಟ್‌ಪಾತ್, ಕಟ್ಟಡಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳು, ಸಿಗ್ನಲ್ ಕ್ಯಾಮರಾ ಎಲ್ಲ ಅದರಲ್ಲಿ ಆಯಿತು. ಆ ಬಾಗಿಲು ಈಗ ಮುಚ್ಚಿದೆ.

ಪಾಲಿಕೆಗೆ ಆಸ್ತಿ ತೆರಿಗೆ ಇದೆ, ಆದರೆ ಅದರ ಮೇಲೆ ಸಂಬಳದಿಂದ ಕಸದವರೆಗೆ ಎಲ್ಲರ ಕಣ್ಣು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಹತ್ತು ಲಕ್ಷಕ್ಕಿಂತ ಕಡಿಮೆ ಜನರ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಉಳಿದ ಶೇ. 40ಕ್ಕೆ ಚರಂಡಿ, ಬೀದಿ ದೀಪ, ರಸ್ತೆ ಗುಂಡಿ ಎಲ್ಲವೂ ಸಾಲುಗಟ್ಟುತ್ತವೆ. ಪೊಲೀಸರು ವಸೂಲಿ ಮಾಡುವ ದಂಡ ರಾಜ್ಯದ ಖಜಾನೆಗೆ ಹೋಗುತ್ತದೆ. ಊರಿನ ಟ್ರಾಫಿಕ್‌ನಿಂದ ಬಂದ ದುಡ್ಡು ಊರಿನ ಟ್ರಾಫಿಕ್‌ಗೆ ನೇರವಾಗಿ ಸಿಗುವುದಿಲ್ಲ.

ಉಳಿದದ್ದು ಎರಡು ಜೇಬು. ನಗರಾಭಿವೃದ್ಧಿ ಪ್ರಾಧಿಕಾರ ಲೇಔಟ್ ಒಪ್ಪಿಗೆಯ ಹೊತ್ತಿಗೆ ಶುಲ್ಕ ಸಂಗ್ರಹಿಸುತ್ತದೆ. ವರ್ತುಲ ರಸ್ತೆಗೆಂದೇ ಸರ್‌ಚಾರ್ಜ್ ಹಾಕಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಅವಕಾಶವಿದೆ. ಇನ್ನೊಂದು ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ. 2007ರಲ್ಲಿ ಶುರುವಾದ ಈ ಇಲಾಖೆಯ ಕೆಲಸವೇ ಇಂಥ ಯೋಜನೆ ಮಾಡಿಸುವುದು, ನಗರ ಸಾರಿಗೆಗೆ ಪ್ರತ್ಯೇಕ ನಿಧಿಯೂ ಇದೆ. ರಸ್ತೆ ಕಟ್ಟುವ ಹಂಗು ಅದಕ್ಕಿಲ್ಲ, ಹಾಗಾಗಿ ಮೊದಲೇ ಉತ್ತರ ಇಟ್ಟುಕೊಂಡು ಬರುವ ಸಂಭವ ಕಡಿಮೆ. ಆದರೆ ಪೂರ್ತಿ ರಾಜ್ಯದ ದುಡ್ಡಲ್ಲೇ ಆದರೆ ಸ್ಥಳೀಯ ಕಚೇರಿಗಳಿಗೆ ಅದು ಪರರ ವರದಿ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ, ಜಿಲ್ಲಾಧಿಕಾರಿ ಮುಂದಾಳತ್ವದಲ್ಲಿ ಮಾಡಿಸುವ ದಾರಿಯೇ ವಾಸಿ ಅನಿಸುತ್ತದೆ. ಸಭೆಗಳು ಜಾಸ್ತಿಯಾಗುತ್ತವೆ, ನಿಜ. ಆದರೆ ದುಡ್ಡು ಹಾಕಿದವರು ವರದಿಯನ್ನು ಕನಿಷ್ಠ ಓದುತ್ತಾರೆ.

ವರದಿ ಬಂದ ಮೇಲೆ

ವಿರೋಧಿಸುವವರ ಗಟ್ಟಿ ವಾದ ಇದು: ವರದಿಗಳು ಬೀರುವಿನಲ್ಲಿ ಕೊಳೆಯುತ್ತವೆ. ಸುಳ್ಳಲ್ಲ. ಆದರೆ ಅದಕ್ಕೆ ಕಾರಣ ಬಹಳ ಸಲ ವರದಿಯೊಳಗೇ ಇರುತ್ತದೆ. ಇಪ್ಪತ್ತು ವರ್ಷದ ಕನಸು ಮೊದಲ ಪುಟದಲ್ಲಿ, ಆರು ತಿಂಗಳಲ್ಲಿ ಮಾಡಬಹುದಾದ್ದು ಅನುಬಂಧದಲ್ಲಿ. ಮೊದಲ ಕಂತಿನಲ್ಲಿ ಬಣ್ಣ, ಬೋರ್ಡ್, ಪಾರ್ಕಿಂಗ್ ಜಾಗ, ಬಸ್ ನಿಲ್ಲುವ ಗುರುತು ಇಷ್ಟನ್ನೇ ಕೇಳಿದರೆ ಜಿಲ್ಲಾಧಿಕಾರಿಯ ಒಂದು ಆದೇಶ ಸಾಕು. ಅದೂ ಮೂರು ತಿಂಗಳ ಪ್ರಯೋಗ ಅಂತ ಮಾಡಿ, ಮೊದಲೂ ಆಮೇಲೂ ಎಣಿಸಿದರೆ ಅಂಗಡಿಯವರ ಜೊತೆ ಮಾತಾಡಲು ಅಂಕಿಯೊಂದು ಕೈಲಿರುತ್ತದೆ.

ಫುಟ್‌ಪಾತ್ ತೆರವು ಮಾಡುವ ಶಿಫಾರಸು ಬಂದರೆ ಮಾತ್ರ ಹುಷಾರು ಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೆ ಮುಗಿಯದೆ ಯಾರನ್ನೂ ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರಿಗಳ ಪ್ರತಿನಿಧಿಗಳೂ ಇರುವ ಪಟ್ಟಣ ವ್ಯಾಪಾರ ಸಮಿತಿಯ ಮಾತಿಗೂ ಬೆಲೆ ಇದೆ. ಸಂಚಾರ ಅಧ್ಯಯನದ ಜೊತೆಗೇ ಈ ಸರ್ವೆಯನ್ನೂ ಹೊಂದಿಸಿಕೊಳ್ಳದಿದ್ದರೆ ಕೆಲಸ ಕೋರ್ಟಿನಲ್ಲಿ ನಿಲ್ಲುತ್ತದೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ಕೊನೆಗೆ ಮುಗಿದಿತ್ತು. ವಾರ್ಡಿನ ಜನ ಒನ್ ವೇ ಬಗ್ಗೆ ಯಾರ ಮುಂದೆ ಹೇಳಿಕೊಳ್ಳಬೇಕು ಅನ್ನುವುದು ಅದರಿಂದಾಗಿ ಬರೀ ತಾಂತ್ರಿಕ ಪ್ರಶ್ನೆಯಾಗಿ ಉಳಿದಿಲ್ಲ. ಅಧಿಕಾರಿಗಳೇ ನಿರ್ಧರಿಸಿದರೆ ವೇಗ ಇರುತ್ತದೆ, ಒಪ್ಪಿಗೆ ಇರುವುದಿಲ್ಲ.

ಇನ್ನೊಂದು ಸಣ್ಣ ಷರತ್ತನ್ನು ಟೆಂಡರ್‌ನಲ್ಲೇ ಬರೆಯಬೇಕು. ಎಣಿಕೆಯ ಮೂಲ ಅಂಕಿಗಳು, ಪ್ರತಿ ವೃತ್ತದ, ಪ್ರತಿ ಹದಿನೈದು ನಿಮಿಷದ ಲೆಕ್ಕ, ಊರಿಗೇ ಸೇರಬೇಕು. ನವುಲೆಯ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಅದೇ ಬಾಯಿಗಳಲ್ಲಿ ನಿಂತು ಅದನ್ನು ಹೊಸದು ಮಾಡಬಹುದು. ಸಿಗ್ನಲ್‌ಗಳ ಕ್ಯಾಮರಾಗಳು ಹೇಗೂ ಇವೆ, ಈಗ ಅವು ಹೆಲ್ಮೆಟ್ ಹುಡುಕುತ್ತಿವೆ, ಎಣಿಸಲೂ ಬಲ್ಲವು. ಆ ಫೈಲುಗಳು ಕನ್ಸಲ್ಟೆಂಟ್‌ನ ಲ್ಯಾಪ್‌ಟಾಪ್‌ನಲ್ಲೇ ಉಳಿದರೆ, ಐದು ವರ್ಷದ ನಂತರ ಅದೇ ಗೋಪಿ ವೃತ್ತದ ಕಂಬಕ್ಕೆ ಯಾರೋ ಮತ್ತೆ ಕ್ಯಾಮರಾ ಕಟ್ಟಿ ಒಂದರಿಂದ ಎಣಿಸಬೇಕಾಗುತ್ತದೆ.